ಪದಚರ್ಚೆ: ‘ಅಲ್ಟ್ರಾ ವೈಡ್ ಆ್ಯಂಗಲ್ ಜೂಮ್ ಲೆನ್ಸ್’ಗೆ ಕನ್ನಡದಲ್ಲಿ ಏನೆಂದು ಬರೆಯಲಿ? (ತುರ್ತು)

ಅನುವಾದಕಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ಹಳೆಯ ದೇವಾಲಯಗಳ ಚಿತ್ರ ತೆಗೆದು ದಾಖಲಿಸಲು ಕಲಿಯುವ ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಉಳಿದದ್ದೆಲ್ಲ ಮುಗಿದಿದೆ, ಒಂದು ಅಧ್ಯಾಯದ ತಲೆಬರಹ ಮಾತ್ರ ಬಗೆಹರಿಯುತ್ತಿಲ್ಲ: ಅಲ್ಟ್ರಾ ವೈಡ್ ಆ್ಯಂಗಲ್ ಜೂಮ್ ಲೆನ್ಸಿನ ಆಯ್ಕೆ ಮತ್ತು ಬಳಕೆ. ಶಿಬಿರದಲ್ಲಿ ಲೆನ್ಸುಗಳನ್ನು ಎರವಲು ಕೊಡುವ ಮೇಜಿನ ಫಲಕಕ್ಕೂ ಇದೇ ಪದ ಬೇಕು.

ನಾನು ಮಾಡಿಕೊಂಡಿರುವುದು ‘ಅತಿ ವಿಶಾಲಕೋನ ಪರಿವರ್ತನೀಯ ಸಂಗಮದೂರ ಮಸೂರ’. ಬಿಡಿಬಿಡಿಯಾಗಿ ಎಲ್ಲವೂ ಸರಿ, ಒಟ್ಟಿಗೆ ಓದಿದರೆ ಉಸಿರು ಕಟ್ಟುತ್ತದೆ. ‘ಅಗಲಕೋನ’ ಎಂದರೆ ನಡೆಯುತ್ತದೆಯೇ? ಜೂಮ್‌ಗೆ ‘ದೂರದ್ದನ್ನು ಹತ್ತಿರ ತರುವ ಮಸೂರ’ ಎಂದು ಬರೆಯಿರಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ‘ಫೋಕಲ್ ಲೆಂಗ್ತ್’ಗೆ ಸಂಗಮದೂರವೋ ನಾಭಿದೂರವೋ ಎಂಬುದನ್ನೂ ದಯವಿಟ್ಟು ತಿಳಿಸಿ.

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ:

ತಂಗಿ, ಏನನ್ನು ಬಿಟ್ಟರೂ ಮಸೂರವನ್ನು ಬಿಡಬೇಡಿ. ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಎಂದರೆ ಒಂದು ಕಾಳು, ನಮ್ಮ ಚನ್ನಂಗಿ ಬೇಳೆಯ ಕಾಳು. ಎರಡೂ ಬದಿಗೆ ಉಬ್ಬಿದ ಗಾಜಿಗೆ ಯುರೋಪಿನವರು ಆ ಕಾಳಿನ ಹೆಸರಿಟ್ಟರು. ಅದೇ ಕಾಳಿಗೆ ಸಂಸ್ಕೃತದಲ್ಲಿ ಮಸೂರ. ವಿಜ್ಞಾನವನ್ನು ನಮ್ಮ ಭಾಷೆಗಳಿಗೆ ತಂದವರು ಬೇರನ್ನು ಹಿಡಿದು ಪದ ಆರಿಸಿದ್ದಾರೆ. ಇಂಥ ಪದ ಕೈಯಲ್ಲಿರುವಾಗ ‘ಲೆನ್ಸ್’ ಎಂದು ಬರೆಯುವುದು ಸೋಮಾರಿತನ.

ಅಗಲಕೋನ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದದ್ದು. ಬೇಡ. ವಿಶಾಲಕೋನ ಇರಲಿ. ಜೂಮ್‌ಗೆ ‘ಚರಸಂಗಮ’. ಒಟ್ಟು: ಅತಿವಿಶಾಲಕೋನ ಚರಸಂಗಮ ಮಸೂರ. ಓದುವವರಿಗೆ ಉಸಿರು ಕಟ್ಟಿದರೆ ನಿಧಾನವಾಗಿ ಓದಲಿ.

ಬರಹಗಾರ, ತೀರ್ಥಹಳ್ಳಿ:

ಮಸೂರವೂ ಸಾಲ, ಲೆನ್ಸೂ ಸಾಲ. ಒಂದನ್ನು ಕಾಶಿಯಿಂದ ತಂದೆವು, ಇನ್ನೊಂದನ್ನು ಲಂಡನ್ನಿನಿಂದ. ಇದರಲ್ಲಿ ಮೇಲು ಕೀಳು ಎಲ್ಲಿಂದ ಬಂತು?

ಕನ್ನಡದಲ್ಲೇ ಕಟ್ಟಬಹುದು. ಹಿರಿದು + ಅಗಲ = ಹೇರಗಲ; ಹೇರಡವಿ, ಹೇರಾನೆಗಳ ಹಾಗೆಯೇ. ಜೂಮ್‌ಗೆ ‘ಹಿಗ್ಗುಕುಗ್ಗು’. ಲೆನ್ಸ್‌ಗೆ ‘ಹರಳು’. ‘ಹೇರಗಲದ ಹಿಗ್ಗುಕುಗ್ಗು ಹರಳು’ ಎಂದು ಬರೆಯಿರಿ. ಅರಿಸಮಾಸದ ತಕರಾರೂ ಇಲ್ಲ. ಆಂಡಯ್ಯ ತತ್ಸಮಗಳನ್ನು ಬಿಟ್ಟು ಇಡೀ ಕಾವ್ಯವನ್ನೇ ಬರೆದ. ನಾವು ಒಂದು ಫಲಕ ಬರೆಯಲಾರೆವೇ?

ಗಣಿತ ಶಿಕ್ಷಕಿ, ಚಿತ್ರದುರ್ಗ:

ಆಂಡಯ್ಯ ತತ್ಸಮ ಬಿಟ್ಟ, ತದ್ಭವಗಳನ್ನು ಧಾರಾಳವಾಗಿ ಇಟ್ಟುಕೊಂಡ. ಆ ಮಾತು ಅಲ್ಲಿಗೆ ಸಾಕು.

ಇಲ್ಲಿ ಯಾರೂ ಗಮನಿಸದ ತೊಡಕೊಂದಿದೆ. ಶಾಲೆಯ ಗಣಿತದಲ್ಲಿ ವಿಶಾಲಕೋನ ಎಂದರೆ 90 ಡಿಗ್ರಿಗಿಂತ ಹೆಚ್ಚಿನದು. ಲಘುಕೋನ, ಲಂಬಕೋನ, ವಿಶಾಲಕೋನ ಎಂದು ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಕ್ಯಾಮೆರಾದವರು 75 ಡಿಗ್ರಿ ನೋಟಕ್ಕೂ ವೈಡ್ ಎನ್ನುತ್ತಾರೆ. ಅದನ್ನು ವಿಶಾಲಕೋನ ಎಂದು ಅಚ್ಚು ಹಾಕಿದರೆ ಪಾಠಕ್ಕೂ ಕೈಪಿಡಿಗೂ ತಾಳ ತಪ್ಪುತ್ತದೆ. ಅಧ್ಯಾಪಕರಿಗೆ ಒಂದು ಪ್ರಶ್ನೆ: ನಿಮ್ನ ಮಸೂರ ಯಾವ ಕಾಳಿನ ಆಕಾರದಲ್ಲಿದೆ?

ಛಾಯಾಗ್ರಾಹಕ, ಹಾಸನ:

ಮೇಡಂ, ಗಣಿತದ ತೊಡಕನ್ನು ಎತ್ತಿದ್ದಕ್ಕೆ ಧನ್ಯವಾದ. ಅದರಿಂದಲೇ ದಾರಿ ಕಾಣುತ್ತದೆ. ಸಂಗಮದೂರವು ಸೆನ್ಸರಿನ (ಕ್ಯಾಮೆರಾದೊಳಗೆ ಬಿಂಬ ಮೂಡುವ ಫಲಕದ) ಕರ್ಣದ ಅರ್ಧಕ್ಕೆ ಸಮವಾದಾಗ ಕರ್ಣದ ಉದ್ದಕ್ಕೆ ಅಳೆದ ನೋಟದ ಕೋನ ಸರಿಯಾಗಿ 90 ಡಿಗ್ರಿ. ಫುಲ್ ಫ್ರೇಮ್ ಸೆನ್ಸರಿನ ಕರ್ಣ ಸುಮಾರು 43.3 ಮಿ.ಮೀ.; ಹಾಗಾಗಿ ಅಲ್ಲಿ ಗಡಿ 21–22 ಮಿ.ಮೀ. ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚಾಗಿ ಇರುವ, ಅದಕ್ಕಿಂತ ಚಿಕ್ಕದಾದ ಎಪಿಎಸ್–ಸಿ ಸೆನ್ಸರಿನಲ್ಲಿ ಗಡಿ 14 ಮಿ.ಮೀ. ಆಸುಪಾಸು. ಲೆನ್ಸಿನವರು ಅಲ್ಟ್ರಾ ವೈಡ್ ಎನ್ನುವುದು ಬಹುಮಟ್ಟಿಗೆ ಈ ಗಡಿಯ ಹತ್ತಿರದಿಂದಲೇ. ಗಣಿತದ ಅರ್ಥವನ್ನು ಹಿಡಿದರೆ ವಿಶಾಲಕೋನ ಎಂಬ ಒಂದೇ ಪದ ಅಲ್ಟ್ರಾ ವೈಡ್‌ಗೆ ಸಾಕು, ‘ಅತಿ’ ಬೇಕಿಲ್ಲ. ಆದರೆ ಇದು ಜೂಮ್. ಎಪಿಎಸ್–ಸಿಯಲ್ಲಿ 10–20 ಮಿ.ಮೀ. ಲೆನ್ಸ್ 10ರ ತುದಿಯಲ್ಲಿ ಸುಮಾರು 109 ಡಿಗ್ರಿ, 20ರ ತುದಿಯಲ್ಲಿ 70 ಡಿಗ್ರಿ. ಉಂಗುರ ತಿರುಗಿಸುವಾಗ ನಡುವೆ ಎಲ್ಲೋ ವಿಶಾಲಕೋನ ಲಘುಕೋನವಾಗುತ್ತದೆ. ಆದ್ದರಿಂದ ಹೆಸರಿನಿಂದ ಕೋನವನ್ನೇ ತೆಗೆದು ‘ನೋಟ’ವನ್ನು ತನ್ನಿ: ಅತಿ ಅಗಲನೋಟದ ಜೂಮ್ ಲೆನ್ಸ್.

ಮಸೂರದ ಬಗ್ಗೆ, ಗುರುಗಳೇ, ನಿಮ್ಮ ವ್ಯುತ್ಪತ್ತಿ ನಿಜ. ಆದರೆ ಕೈಯಲ್ಲಿ ಹಿಡಿಯುವ ವಸ್ತು ಒಂದು ಗಾಜಲ್ಲ. ನಿಕಾನ್‌ನ 10–20ರ ಒಳಗೆ 14 ಗಾಜುಗಳು 11 ಗುಂಪುಗಳಲ್ಲಿವೆ. ಕ್ಯಾನನ್‌ನ 10–18ರಲ್ಲೂ ಅಷ್ಟೇ. ಮುಂದಿನ ಗಾಜು ಹೊರಗೆ ಉಬ್ಬಿ ಒಳಗೆ ಆಳವಾಗಿ ತಗ್ಗಾಗಿರುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಮೇಲೆದ್ದು ಇಳಿಯಲು ಜಾಗ ಬೇಕು. ನಿಕಾನ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ 46.5 ಮಿ.ಮೀ. ಇದೆ. 10 ಮಿ.ಮೀ. ಸಂಗಮದೂರದ ಒಂಟಿ ಗಾಜು ಅಷ್ಟು ಹಿಂದಕ್ಕೆ ಬಿಂಬ ಮೂಡಿಸಲಾರದು. ಅದಕ್ಕಾಗಿ ಮುಂದೆ ಬೆಳಕನ್ನು ಚದುರಿಸುವ ಗಾಜುಗಳು, ಹಿಂದೆ ಕೂಡಿಸುವ ಗಾಜುಗಳು. ಈ ಗಾಜುಗಳಿಗೆ ಮಸೂರ ಎನ್ನಿ, ಅವೆಲ್ಲ ಕೂಡಿದ ಕೊಳವೆಗೆ ಲೆನ್ಸ್ ಎನ್ನಿ. ‘ಈ ಲೆನ್ಸಿನಲ್ಲಿ 14 ಮಸೂರಗಳಿವೆ’ ಎಂಬ ವಾಕ್ಯವನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಚೊಕ್ಕವಾಗಿ ಬರೆಯಬಹುದು. ಎರಡೂ ಪದಗಳಿಗೆ ಕೆಲಸವಿರುವಾಗ ಒಂದನ್ನು ಏಕೆ ಓಡಿಸಬೇಕು?

‘ದೂರದ್ದನ್ನು ಹತ್ತಿರ ತರುವ’ ಎಂಬುದನ್ನು ದಯವಿಟ್ಟು ಅಳಿಸಿಬಿಡಿ. ಅದು ಟೆಲಿ ಲೆನ್ಸಿನ ಕೆಲಸ. ಜೂಮ್ ಎಂದರೆ ಸಂಗಮದೂರ ಬದಲಾಗುತ್ತದೆ ಎಂದಷ್ಟೇ. ಜೂಮ್ ಎಂಬ ಹೆಸರು ಕೇಳಿ ಹಕ್ಕಿ ತೆಗೆಯಲು 10–20 ಕೊಂಡು ನಿರಾಶರಾದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಈ ಲೆನ್ಸು ಹತ್ತಿರದ್ದನ್ನು ಹಿರಿದಾಗಿಸಿ ಹಿಂದಿನದನ್ನು ದೂರ ತಳ್ಳಿದಂತೆ ಕಾಣಿಸುತ್ತದೆ. ಸರಿಯಾಗಿ ಹೇಳಬೇಕೆಂದರೆ ಲೆನ್ಸಲ್ಲ, ನಾವು ನಿಲ್ಲುವ ದೂರವೇ ಹಾಗೆ ಮಾಡುತ್ತದೆ; ಅಷ್ಟು ಹತ್ತಿರ ಹೋಗಲು ಲೆನ್ಸ್ ಅವಕಾಶ ಕೊಡುತ್ತದೆ.

ಅಧ್ಯಾಯದಲ್ಲಿ ಏನಿದೆಯೋ ಗೊತ್ತಿಲ್ಲ, ಆದರೆ ‘ಎಲ್ಲವನ್ನೂ ಹಿಡಿಸುವ ಲೆನ್ಸ್’ ಎಂಬ ವಿವರಣೆ ಇದ್ದರೆ ತಿದ್ದಿ. ಸೋಮನಾಥಪುರದ ಕೇಶವ ದೇವಾಲಯವನ್ನೇ ತೆಗೆದುಕೊಳ್ಳಿ. ಬಾಗಿಲಲ್ಲಿ ನಿಂತು ಮೂರೂ ಶಿಖರಗಳು ಬಂದವೆಂದು ಒತ್ತಿದರೆ ಮುಕ್ಕಾಲು ಚಿತ್ರ ಬರೀ ಅಂಗಳ ಮತ್ತು ಆಕಾಶ, ಗುಡಿ ನಡುವೆ ಎಲ್ಲೋ ಪುಟ್ಟದಾಗಿ. ಅದರ ಬದಲು ನಕ್ಷತ್ರಾಕಾರದ ತಳದ ಒಂದು ಮೂಲೆಗೆ ಹೋಗಿ ಕುಳಿತುಕೊಳ್ಳಿ. ಗೋಡೆಯ ಕೆಳಸಾಲಿನ ಆನೆ ಮೊಳದಷ್ಟು ದೂರದಲ್ಲಿರಲಿ. 10 ಮಿ.ಮೀ., ಬೆಳಕಿನ ಕಿಂಡಿ ಎಫ್/8, ಫೋಕಸ್ ಸುಮಾರು 65 ಸೆಂ.ಮೀ.ಗೆ. ಎಪಿಎಸ್–ಸಿ ಸೆನ್ಸರಿನಲ್ಲಿ ಸುಮಾರು 33 ಸೆಂ.ಮೀ. ದೂರದಿಂದ ಅನಂತದವರೆಗೆ ಸ್ಪಷ್ಟವಾಗಿರುತ್ತದೆ. ಆನೆಯ ಸೊಂಡಿಲಿನ ಉಳಿಯ ಗೆರೆ ಕಾಣುತ್ತದೆ. ಅದರ ಮೇಲೆ ಕುದುರೆಗಳ ಸಾಲು, ಬಳ್ಳಿಯ ಸಾಲು ಹಿಂದಕ್ಕೆ ಓಡುತ್ತವೆ. ಮೂಲೆಗಳು ಒಂದರ ಹಿಂದೊಂದು ಮಡಚಿಕೊಂಡು ಹೋಗುತ್ತವೆ. ಈ ಲೆನ್ಸ್ ಇರುವುದೇ ಇದಕ್ಕೆ.

ನವರಂಗದಲ್ಲಿ (ಗುಡಿಯ ಒಳಮಂಟಪದಲ್ಲಿ) ಭುವನೇಶ್ವರಿ, ಅಂದರೆ ಕೆತ್ತನೆಯ ಒಳಚಾವಣಿ, ತೆಗೆಯುವಾಗ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಇಟ್ಟು ಟೈಮರ್ ಹಾಕಿದರೆ ಸಾಕು. ತ್ರಿಪಾದಿಗೆ (ಟ್ರೈಪಾಡಿಗೆ) ಪುರಾತತ್ತ್ವ ಇಲಾಖೆಯ ಅನುಮತಿ ಬೇಕು, ನೆಲಕ್ಕೆ ಬೇಕಿಲ್ಲ. ಹೊರಗೆ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಶಿಖರಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಸಮತಟ್ಟಾಗಿ ಹಿಡಿದು, ಬೇಡದ ನೆಲವನ್ನು ಆಮೇಲೆ ಕತ್ತರಿಸಬೇಕು. ಗುಂಪುಚಿತ್ರದಲ್ಲಿ ಹಿರಿಯರನ್ನು ಅಂಚಿಗೆ ನಿಲ್ಲಿಸಬೇಡಿ, ಮುಖ ಎಳೆದುಹೋಗುತ್ತದೆ. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬಿಳಚು. ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಮಾತ್ರ ಅದರ ಪರಿಣಾಮ ಪೂರ್ತಿಯಾಗಿರುತ್ತದೆ, ಈ ಲೆನ್ಸಾದರೋ ಅದಕ್ಕಿಂತ ಹೆಚ್ಚಿನ ಆಕಾಶವನ್ನು ಒಳಗೆ ತರುತ್ತದೆ.

ಆಯ್ಕೆಯ ಬಗ್ಗೆ ಒಂದೇ ಮಾತು. ಎಫ್/2.8ರಷ್ಟು ದೊಡ್ಡ ಕಿಂಡಿ ಇಲ್ಲದಿದ್ದರೆ ಒಳಾಂಗಣ ಬರುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಕಲ್ಲು ಅಲುಗುವುದಿಲ್ಲ, ಶಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. ಕೈನಡುಕ ತಡೆಯುವ ವ್ಯವಸ್ಥೆಯಿರುವ, 230–240 ಗ್ರಾಂ ತೂಗುವ 10–20 ಅಥವಾ 10–18 ಸಾಕು. ನಕ್ಷತ್ರ, ಯಕ್ಷಗಾನ ತೆಗೆಯುವವರಿಗೆ 11–16 ಎಫ್/2.8. ನಿಕಾನ್‌ನ 10–20 ಎಎಫ್–ಪಿ (ಸ್ಟೆಪ್ಪಿಂಗ್ ಮೋಟಾರಿನಿಂದ ಫೋಕಸ್ ಮಾಡುವ) ಬಗೆಯದು. ಡಿ90ಯಂಥ ಹಳೆಯ ಕ್ಯಾಮೆರಾದಲ್ಲಿ ಅದು ಫೋಕಸ್ ಆಗುವುದಿಲ್ಲ. ಎರವಲು ಕೊಡುವ ಮೇಜಿನಲ್ಲಿ ಇದನ್ನು ಬರೆದು ಅಂಟಿಸಿ.

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ:

ದೀರ್ಘವಾಗಿ ಬರೆದಿದ್ದೀರಿ, ಚಿತ್ರ ತೆಗೆಯುವುದರ ಬಗ್ಗೆ ತಕರಾರಿಲ್ಲ. ಪದದ ಬಗ್ಗೆ ಇದೆ. ಹಲವು ಗಾಜು ಕೂಡಿದ್ದಕ್ಕೆ ಬೇರೆ ಹೆಸರು ಬೇಕೆಂದರೆ ‘ಮಸೂರಮಾಲೆ’ ಎನ್ನಬಹುದು. ನಿಮ್ನ ಮಸೂರದ ಪ್ರಶ್ನೆಗೆ ಉತ್ತರ: ಲ್ಯಾಟಿನ್ನಿನ ಕಾಳಿಗೂ ಅದೇ ಗತಿಯಾಯಿತು. ಪದ ಹುಟ್ಟಿದ ಮೇಲೆ ಅರ್ಥ ಹಿಗ್ಗುತ್ತದೆ. ‘ಅತಿ ಅಗಲನೋಟ’ದಲ್ಲಿ ಅತಿ ಸಂಸ್ಕೃತ, ಅಗಲ ಕನ್ನಡ. ಮತ್ತೆ ಅರಿ.

ಗಣಿತ ಶಿಕ್ಷಕಿ, ಚಿತ್ರದುರ್ಗ:

‘ಅತಿ’ಯನ್ನು ಬಿಡಿಸಿ ಬರೆದರೆ ಸಮಾಸವೇ ಆಗುವುದಿಲ್ಲ. ಆದರೂ ಏನಂತೆ? ಮಳೆಗಾಲ ಎನ್ನುತ್ತೇವೆ, ಕಡುಕೋಪ ಎನ್ನುತ್ತೇವೆ. ಈ ಚರ್ಚೆಯಲ್ಲಿ ಎರಡನೆಯದು ಸಾಕಷ್ಟು ಕಾಣುತ್ತಿದೆ.

ಬರಹಗಾರ, ತೀರ್ಥಹಳ್ಳಿ:

ಕಟ್ಟಿಕೊಟ್ಟ ಕನ್ನಡ ಪದವನ್ನು ಯಾರೂ ಬಾಯಲ್ಲಿ ಆಡಿಯೂ ನೋಡಲಿಲ್ಲ. ಲೆನ್ಸ್, ಸೆನ್ಸರ್, ಫೋಕಸ್, ಟೈಮರ್ ಎಲ್ಲವೂ ಒಂದೇ ಪತ್ರದಲ್ಲಿ ಬಂದವು. ಹೀಗೆ ಬರೆದರೆ ನಾಳೆ ಕನ್ನಡದ ಪಾಲಿಗೆ ಉಳಿಯುವುದು ‘ಇದೆ’, ‘ಇಲ್ಲ’ ಎಂಬ ಕ್ರಿಯಾಪದಗಳಷ್ಟೇ.

ಛಾಯಾಗ್ರಾಹಕ, ಹಾಸನ:

ಆಡಿ ನೋಡಿದೆ. ಹೇರಗಲ ಎಂದಾಗ ಜೊತೆಗಿದ್ದ ಹುಡುಗನಿಗೆ ಹೊರೆ ಹೇರುವುದು ನೆನಪಾಯಿತು. ‘ಹಿಗ್ಗುಕುಗ್ಗು’ ಚೆನ್ನಾಗಿದೆ, ಜೂಮ್ ಉಂಗುರ ತಿರುಗಿಸುವುದನ್ನು ವಿವರಿಸುವ ಕಡೆ ಬಳಸಲೇಬೇಕು.

ಸಾಲದ ಮಾತಿಗೆ ಬಂದರೆ, ಅರ್ಜಿ, ವಕೀಲ, ಜಮೀನು, ಖರ್ಚುಗಳನ್ನು ವಾಪಸು ಕೊಡಲು ಯಾರೂ ಸಿದ್ಧರಿಲ್ಲ. ಧಾರವಾಡದ ಕಡೆ ಸಂಬಳಕ್ಕೆ ಪಗಾರ ಎನ್ನುತ್ತಾರೆ, ಅದು ಪೋರ್ಚುಗೀಸ್. ಅಲ್ಲಿಯ ಕನ್ನಡ ಅದರಿಂದ ಬಡವಾಗಲಿಲ್ಲ. ಸಾಲ ತಂದದ್ದಕ್ಕೆ ವಿಭಕ್ತಿ ಹಚ್ಚಿ, ಲೆನ್ಸನ್ನು, ಲೆನ್ಸಿನಿಂದ ಎಂದು ನಮ್ಮ ವ್ಯಾಕರಣದಲ್ಲಿ ನಡೆಸಿಕೊಳ್ಳುವ ತನಕ ಭಾಷೆಗೆ ಅಪಾಯವಿಲ್ಲ. ಅಪಾಯ ಇರುವುದು ಯಾರೂ ಆಡದ ಪದವನ್ನು ಫಲಕದಲ್ಲಿ ಬರೆದು, ವಿದ್ಯಾರ್ಥಿ ಅದರ ಕೆಳಗಿನ ಇಂಗ್ಲಿಷನ್ನೇ ಓದುವಂತೆ ಮಾಡುವುದರಲ್ಲಿ.

ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ:

ಪಗಾರ ನಾಲಿಗೆಗೆ ತಾನಾಗಿ ಬಂತು. ಲೆನ್ಸನ್ನು ನೀವು ಅಚ್ಚಿನಲ್ಲಿ ಕೂರಿಸುತ್ತಿದ್ದೀರಿ. ಎರಡೂ ಒಂದಲ್ಲ. ನನ್ನ ವಿರೋಧ ದಾಖಲಾಗಿರಲಿ.

ಅನುವಾದಕಿ, ಮೈಸೂರು:

ಎಲ್ಲರಿಗೂ ಋಣಿ. ಅಚ್ಚಿನವರು ಈಗಾಗಲೇ ಎರಡು ಸಲ ಫೋನ್ ಮಾಡಿದ್ದರಿಂದ ಹೀಗೆ ತೀರ್ಮಾನಿಸಿದ್ದೇನೆ. ಫಲಕದಲ್ಲೂ ತಲೆಬರಹದಲ್ಲೂ ‘ಅತಿ ಅಗಲನೋಟದ ಜೂಮ್ ಲೆನ್ಸ್’. ಅಧ್ಯಾಯದ ಒಳಗೆ ಬಿಡಿ ಗಾಜಿಗೆಲ್ಲ ಮಸೂರ, ಗುರುಗಳು ಹೇಳಿದ ಕಾಳಿನ ಕಥೆಯ ಸಮೇತ. ವಿಶಾಲಕೋನ ಎಂಬುದು 90 ಡಿಗ್ರಿ ದಾಟಿದ ಕಡೆ ಮಾತ್ರ ಬರುತ್ತದೆ. ಕರ್ಣದ ಅರ್ಧದ ಲೆಕ್ಕವನ್ನು ಚಿತ್ರ ಸಹಿತ ಸೇರಿಸಿದ್ದೇನೆ. ‘ಹಿಗ್ಗುಕುಗ್ಗು ಉಂಗುರ’ ಎರಡು ಕಡೆ ಬಂದಿದೆ. ‘ದೂರದ್ದನ್ನು ಹತ್ತಿರ ತರುವ’ ಎಂಬುದನ್ನು ತೆಗೆದಿದ್ದೇನೆ. ಸಂಗಮದೂರವೋ ನಾಭಿದೂರವೋ ಎಂಬುದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

ಗಣಿತ ಶಿಕ್ಷಕಿ, ಚಿತ್ರದುರ್ಗ:

ಸಂಗಮದೂರ. ಈಗಿನ ಪಠ್ಯಪುಸ್ತಕದಲ್ಲಿ ಇರುವುದು ಅದೇ. ಕಳುಹಿಸಿಬಿಡಿ.