ರೀಲೋಡಿಂಗ್ ಬೆಂಚು ಅಲುಗಾಡುತ್ತಿದೆ, ಏನು ಮಾಡಲಿ?

ಟೆಕ್ಸಾಸ್‌ನಲ್ಲಿದ್ದೇನೆ. ಗ್ಯಾರೇಜಿನಲ್ಲಿ ತೋಟಾ ರೀಲೋಡ್ ಮಾಡಲು, ಅಂದರೆ ಹಾರಿಸಿದ ತೋಟಾದ ಖಾಲಿ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬಲು, ಬೆಂಚು ಹಾಕಿದ್ದೇನೆ, ಆದರೆ ಬುಲೆಟ್ ಕೂರಿಸುವ ಪ್ರೆಸ್‌ನ ಹಿಡಿ ಒತ್ತಿದಾಗಲೆಲ್ಲ ಬೆಂಚೇ ಅಲುಗಿ ಮದ್ದು ತೂಗುವ ತಕ್ಕಡಿಯ ಮುಳ್ಳು ಕುಣಿಯುತ್ತದೆ, ಅರ್ಧ ಗಂಟೆಗೇ ಸೊಂಟ ಹಿಡಿಯುತ್ತದೆ.

ಉತ್ತರ 1: ಗೋಡೆಯೊಳಗಿನ ಮರದ ಕಂಬಕ್ಕೇ ಬೋಲ್ಟ್ ಹಾಕಿ ಬಿಗಿಯಿರಿ, ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತದೆ ಅಲ್ವಾ. ತಕ್ಕಡಿಗೆ ಬೇರೆ ಶೆಲ್ಫ್ ಮಾಡಿ. ಫ್ಯಾನ್ ಗಾಳಿಯೂ ಬೇಡ.

ಉತ್ತರ 2: ನಿಂತು ಮಾಡುವುದಾದರೆ ಬೆಂಚು ಮೊಣಕೈ ಮಟ್ಟಕ್ಕಿರಲಿ. ಲೈಟ್ ಜಾಸ್ತಿ ಬೇಕು. ಬುಲೆಟ್ ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ಬಗ್ಗಿ ನೋಡಿ, ಎರಡು ಸಲ ಮದ್ದು ಬಿದ್ದರೆ ಬಂದೂಕೇ ಸಿಡಿಯಬಹುದು.

ಉತ್ತರ 3: ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ಅಲ್ಲಿ ಕೂತು ಕಾಫಿ ಕುಡಿಯಬೇಡಿ, ಸೀಸದ ಧೂಳಿರುತ್ತದೆ. ಮಕ್ಕಳನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಿರಿ.