ಮತ್ತೆ ಮತ್ತೆ ಗ್ಯಾಸ್ ಖಾಲಿ: ದುರಸ್ತಿಯೋ, ಹೊಸ ಎ.ಸಿ.ಯೋ?

ಪ್ರಶ್ನೆ: ಮನೆಯಿಂದ ಕಡಲು ಕಾಣುತ್ತದೆ. ನಾಲ್ಕು ವರ್ಷದ ಎ.ಸಿ.ಗೆ ಈಗಾಗಲೇ ಮೂರು ಬಾರಿ ಗ್ಯಾಸ್ ತುಂಬಿಸಿದ್ದೇನೆ. ಹೊರಗಿನ ಯೂನಿಟ್ಟಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ. ಏನು ಮಾಡಲಿ?

ಉತ್ತರ 1: ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ನೈಟ್ರೋಜನ್ ತುಂಬಿಸಿ, ಸೋಪಿನ ನೀರು ಹಚ್ಚಿ ನೋಡಲು ಹೇಳಿ. ಕೊಳವೆಯ ಜೋಡಣೆಯಲ್ಲಿ ಗುಳ್ಳೆ ಎದ್ದರೆ ದುರಸ್ತಿ ಸಾಕು.

ಉತ್ತರ 2: ಕಡಲ ಉಪ್ಪುಗಾಳಿಗೆ ರೆಕ್ಕೆಗಳೇ ಪುಡಿಯಾಗಿದ್ದರೆ ಕಾಯಿಲ್ (ರೆಕ್ಕೆಗಳ ನಡುವೆ ಸುತ್ತಿ ಬರುವ ಗ್ಯಾಸಿನ ಕೊಳವೆ) ಶಾಖವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಹೊಸದು ಕೊಳ್ಳುವಾಗ ತುಕ್ಕುನಿರೋಧಕ ಲೇಪನವಿರುವುದನ್ನೇ ಕೇಳಿ. ಸ್ವಿಚ್ ಆರಿಸಿ, ಹೊರಗಿನ ಯೂನಿಟ್ಟನ್ನು ಆಗಾಗ ಸಿಹಿನೀರಿನಿಂದ ತೊಳೆಯಿರಿ. ನಮ್ಮ ತಂದೆ ಶ್ರದ್ಧೆಯಿಂದ ತೊಳೆಯುತ್ತಿದ್ದರು, ಆದರೆ ಬಾವಿಯ ಉಪ್ಪುನೀರಿನಲ್ಲಿ!

ಪ್ರಶ್ನೆ ಕೇಳಿದವರು: ಪರೀಕ್ಷೆ ಮಾಡಿಸಿದೆ. ಗುಳ್ಳೆ ಎದ್ದದ್ದು ಕಾಯಿಲ್‌ನ ಬಾಗಿನಲ್ಲೇ. ಹೊಸದಕ್ಕೆ ಗೋಡೆಯ ಮರೆಯಲ್ಲಿ ಜಾಗ ಹುಡುಕುತ್ತಿದ್ದೇನೆ.