ಹತ್ತು ಗಂಟೆಯ ಗಡಿಯಾರ ಮನೆಯಲ್ಲೇ ಮಾಡಬಹುದಾ?

ಅಗ್ರಹಾರದ ಅಪ್ಪ, ಮೈಸೂರು
ಮೊನ್ನೆ ದೊಡ್ಡ ಗಡಿಯಾರದ ಹತ್ತಿರ ಆಟೋಗೆ ಕಾಯುತ್ತಿದ್ದೆವು. ಏಳನೇ ಕ್ಲಾಸಿನ ಮಗಳು ಕೇಳಿದಳು: "ಮೀಟರ್‌ಗೆ 100 ಸೆಂಟಿಮೀಟರ್, ರೂಪಾಯಿಗೆ 100 ಪೈಸೆ. ಗಂಟೆಗೆ ಮಾತ್ರ ಯಾಕಪ್ಪಾ 60 ನಿಮಿಷ?"

ಮನೆಗೆ ಬಂದು ಹುಡುಕಿ ಓದಿದೆ. ಕ್ರಾಂತಿಯ ಕಾಲದ ಫ್ರಾನ್ಸ್‌ನಲ್ಲಿ ಇದನ್ನು ಮಾಡಿಯೇ ಬಿಟ್ಟಿದ್ದರು! ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡ್. ನಮ್ಮ ಮಧ್ಯಾಹ್ನ 12 ಅಲ್ಲಿ 5 ಗಂಟೆ. ಸಂಜೆ 6 ಅಂದರೆ ಏಳೂವರೆ.

ಅಂಥದ್ದೊಂದು ಗಡಿಯಾರ ಮಗಳಿಗೆ ಮಾಡಿಕೊಡಬೇಕು. ನಮ್ಮ ತಂದೆಯ ಲೋಲಕದ ಗೋಡೆ ಗಡಿಯಾರ ಸುಮ್ನೆ ನಿಂತಿದೆ. ಲೋಲಕ ಉದ್ದ ಮಾಡಿದರೆ ಸಾಕಾ? ಇಷ್ಟು ಸುಲಭದ ಲೆಕ್ಕ ಯಾಕೆ ಉಳಿಯಲಿಲ್ಲ?

ರಿಪೇರಿ ಟೇಬಲ್
ದಯವಿಟ್ಟು ತಂದೆಯ ಗಡಿಯಾರ ಮುಟ್ಟಬೇಡಿ. ದೊಡ್ಡ ಮುಳ್ಳು ದಿನಕ್ಕೆ 24 ಸುತ್ತು ಹಾಕುತ್ತೆ, ನಿಮಗೆ 10 ಸುತ್ತು ಸಾಕು. ಅಷ್ಟು ನಿಧಾನ ಮಾಡಲು ಲೋಲಕ ಆರು ಪಟ್ಟಿಗೆ ಸ್ವಲ್ಪ ಕಡಿಮೆ ಉದ್ದ ಬೇಕು. ಗೋಡೆ ಸಾಲಲ್ಲ. ಅಷ್ಟು ಮಾಡಿದರೂ ಚಿಕ್ಕ ಮುಳ್ಳಿನ ಹಲ್ಲುಚಕ್ರ 12ರ ಲೆಕ್ಕದಲ್ಲೇ ಇರುತ್ತೆ.

24 ಗಂಟೆಗೆ ಒಂದೇ ಸುತ್ತು ಹಾಕುವ ಕ್ವಾರ್ಟ್ಜ್ ಮಷೀನ್ ಸಿಗುತ್ತೆ. ದೊಡ್ಡ ಮುಳ್ಳು ತೆಗೆದುಬಿಡಿ. ಡಯಲ್ ಮೇಲೆ ಹತ್ತು ಭಾಗ, ಒಂದೊಂದರಲ್ಲಿ ಮತ್ತೆ ಹತ್ತು ಗೆರೆ. ಒಂದು ಗೆರೆ ಅಂದರೆ 10 ಹೊಸ ನಿಮಿಷ.

ಮಂಡ್ಯದ ಮೇಷ್ಟ್ರು
ಯಾಕೆ ಉಳಿಯಲಿಲ್ಲ ಅನ್ನೋದಕ್ಕೆ ನನ್ನ ಉತ್ತರ. ಆಗ ಫ್ರಾನ್ಸ್‌ನಲ್ಲಿ ಬಟ್ಟೆ, ಧಾನ್ಯ ಅಳೆಯಲು ಊರಿಗೊಂದು ಅಳತೆ. ಮೀಟರ್ ಬಂದು ಆ ಗೊಂದಲ ಕಳೆಯಿತು. ಗಂಟೆಯ ಲೆಕ್ಕ ಮೊದಲೇ ಎಲ್ಲರಿಗೂ ಒಂದೇ ಇತ್ತಲ್ವಾ? ಇದ್ದ ಗಡಿಯಾರವೆಲ್ಲ ಬಿಸಾಡಬೇಕು, ಲಾಭ ಏನೂ ಇಲ್ಲ. 1794ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯವಾದದ್ದು 1795ರ ಏಪ್ರಿಲ್ 7ಕ್ಕೆ ನಿಂತಿತು. ಮೀಟರ್, ಲೀಟರ್, ಗ್ರಾಂಗಳನ್ನು ಗೊತ್ತುಮಾಡಿದ್ದೂ ಅದೇ ದಿನದ ಕಾನೂನು! ಹತ್ತು ದಿನದ ವಾರವಿದ್ದ ಕ್ಯಾಲೆಂಡರ್ ಮಾತ್ರ 1805ರ ಕೊನೆಯವರೆಗೂ ನಡೆಯಿತು. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ರಜೆ ಹತ್ತು ದಿನಕ್ಕೊಮ್ಮೆ ಅಂದರೆ ಕೂಲಿ ಮಾಡುವವರು ಹೇಗೆ ಒಪ್ಪುತ್ತಾರೆ? ನಮ್ಮೂರ ವಾರದ ಸಂತೆಯನ್ನು ಹಾಗೆ ಮಾಡಿದರೆ ಸೊಪ್ಪು ಮಾರುವವರ ಗತಿ ಏನು?

ನಮ್ಮಲ್ಲೂ 1957ರಲ್ಲಿ ಹೀಗೇ ಆಯಿತು. ಮಾರ್ಚ್ 22ಕ್ಕೆ ಶಕ ವರ್ಷದ ರಾಷ್ಟ್ರೀಯ ಕ್ಯಾಲೆಂಡರ್, ಏಪ್ರಿಲ್ 1ಕ್ಕೆ ನಯಾ ಪೈಸೆ. ಪೈಸೆ ಸಂತೆಗೂ ಬಂತು. ಆ ಕ್ಯಾಲೆಂಡರ್ ಗೆಜೆಟ್‌ನಲ್ಲೇ ಉಳಿಯಿತು, ಯುಗಾದಿಗೆ ನಾವು ನೋಡುವುದು ಪಂಚಾಂಗವನ್ನೇ.

ಮಗಳಿಗೆ ಇದನ್ನೂ ಹೇಳಿ: ನಮ್ಮ ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಫ್ರೆಂಚರ ಒಂದು ಗಂಟೆ 144 ನಿಮಿಷ. ಸರಿಯಾಗಿ ಆರು ಗಳಿಗೆ!

ಅಗ್ರಹಾರದ ಅಪ್ಪ, ಮೈಸೂರು
ಮೇಷ್ಟ್ರೇ, ಆರು ಗಳಿಗೆ ಅಂತ ಓದಿದ ಕೂಡಲೇ ಮಗಳು ಕಾಗದ ತಂದಳು. ಮಷೀನ್ ತರಿಸಿದೆವು. ಒಳಗಿನ ಸುತ್ತಿನಲ್ಲಿ ಹತ್ತು ಗಂಟೆ, ದೊಡ್ಡ ಗಡಿಯಾರದಂತೆ ಕನ್ನಡ ಅಂಕಿಯಲ್ಲಿ. ಹೊರಗೆ 60 ಗಳಿಗೆ. ಆದರೆ ಗಳಿಗೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ, ಗಂಟೆ ಎಣಿಸುವುದು ನಡುರಾತ್ರಿಯಿಂದ. ಹಾಗಾಗಿ ಹೊರಗಿನ ರಟ್ಟನ್ನು ತಿರುಗಿಸುವಂತೆ ಮಾಡಿದ್ದೇವೆ. ಆರಕ್ಕೆ ಸೂರ್ಯ ಹುಟ್ಟುವ ದಿನ ಗಳಿಗೆಯ ಸೊನ್ನೆ ಎರಡೂವರೆ ಗಂಟೆಯ ಎದುರಿಗೆ ಬರುತ್ತೆ. ಈಗ ದಿನಾ ಬೆಳಿಗ್ಗೆ ಪಂಚಾಂಗ ನೋಡಿ ರಟ್ಟು ತಿರುಗಿಸುವುದು ಅವಳದೇ ಕೆಲಸ.